ಹೆಂಗಾತು ಅಂತ ಕೇಳಲು ಬಂದವರು

ನಮ್ಮ ಘೋಡಗೇರಿಯಲ್ಲಿ ಯಾರ ಮನೆಯಲ್ಲಾದರೂ ಕೆಟ್ಟದ್ದು ನಡೆದರೆ ಊರವರೆಲ್ಲ ಮಾತಾಡಿಸಿಕೊಂಡು ಹೋಗಲು ಬರುತ್ತಾರೆ. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಇಲ್ಲವೇ ಒಂದು ಬ್ರೆಡ್ ಪೊಟ್ಟಣ. ಚಾಪೆಯ ಮೇಲೆ ಕೂತು, ನಿಟ್ಟುಸಿರು ಬಿಟ್ಟು ಕೇಳುವುದು ಒಂದೇ ಪ್ರಶ್ನೆ: “ಹೆಂಗಾತು?” ಬಾರದಿದ್ದರೆ ತಪ್ಪು, ಬಂದು ಕೇಳದಿದ್ದರೆ ಇನ್ನೂ ದೊಡ್ಡ ತಪ್ಪು. ನಾನೂ ಎಷ್ಟು ಮನೆಗಳಿಗೆ ಹೋಗಿ ಹಾಗೆ ಕೇಳಿದ್ದೇನೋ, ನನ್ನ ಬಾಯಿಗೆ ಮಣ್ಣು ಬೀಳಲಿ.

ನನ್ನ ಗಂಡ ಮೂಡಲಗಿ ಕಡೆಯ ಒಂದು ಬೆಲ್ಲದ ಗಾಣದಲ್ಲಿ ಪಾಕ ನೋಡುವ ಕೆಲಸ ಮಾಡುತ್ತಿದ್ದರು. ಅವರ ಜೋಡಿ ಕೆಲಸಗಾರ ಮಮದಾಪುರದ ಒಬ್ಬ ಮುಸಲ್ಮಾನ ಗೆಳೆಯ. ಏಳು ಹಂಗಾಮು ಇಬ್ಬರೂ ಒಂದೇ ಕೊಪ್ಪರಿಗೆಯ ಮುಂದೆ ನಿಂತವರು, ಒಬ್ಬರ ಬುತ್ತಿಯ ರೊಟ್ಟಿ ಇನ್ನೊಬ್ಬರು ಹರಿದು ತಿಂದವರು. ಒಂದು ಮಧ್ಯಾಹ್ನ ಆ ಗೆಳೆಯ ಕಾಲು ಜಾರಿ ಕುದಿಯುವ ಕಬ್ಬಿನ ಹಾಲಿನೊಳಗೆ ಬಿದ್ದ. ನನ್ನ ಗಂಡ ಎಳೆದು ತೆಗೆದರು. ದವಾಖಾನೆ ಮುಟ್ಟುವ ಮೊದಲೇ ಅವನ ಜೀವ ಹೋಯಿತು.

ಮರುದಿನದಿಂದ ಶುರುವಾಯಿತು ಮಂದಿಯ ಸಾಲು. ದಿನಕ್ಕೆ ನಾಲ್ಕು ಸಲ, ಐದು ಸಲ, ಮೊದಲಿನಿಂದ ಹೇಳಬೇಕು. “ಬೀಳೂಮುಂದ ಒದರಿದನೇನು?” “ಚರ್ಮಾ ಕೈಗೇ ಬಂತಂತಲ್ಲ, ಖರೇನ?” ನನ್ನ ಗಂಡ “ಎಳಕೊಂಡೆ” ಎನ್ನುವಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಆಗ ಇವರ ಸ್ವಂತ ಕಾಕಾನೇ ಚಹಾ ಹೀರುತ್ತ, “ಆಮ್ಯಾಲ? ಆಮ್ಯಾಲ ಏನಾತು ಹೇಳೊ” ಎಂದು ಚುಚ್ಚುತ್ತಿದ್ದ. ಬಂದವರು ಹೋದ ಮೇಲೆ ಇವರು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಹೊಲಸು ಬಾಳೆಹಣ್ಣು! ಮನೆ ತುಂಬ ಕೊಳೆತು ನಾರುತ್ತಿದ್ದವು.

ಬೆಲ್ಲದ ವಾಸನೆ ಬಂದರೆ ಸಾಕು, ಇವರ ಮೈ ಬೆವರುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಆ ವಾಸನೆಯಿಂದ ಎಲ್ಲಿಗೆ ಓಡುವುದು? ಒಂದು ದಿನ ನಾನು ಮರೆತು ಬೆಲ್ಲದ ಚಹಾ ಇಟ್ಟೆ. ಪಾತೇಲಿಯನ್ನೇ ಒದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಗಂಡಸಾಗಿ ಏನಿದು? ಸತ್ತಾಂವ ಸತ್ತ, ನೀವ್ಯಾಕ ದಿನಾ ಸಾಯಾಕತ್ತೀರಿ?” ಎಂದುಬಿಟ್ಟೆ. ನನ್ನ ಬಾಯಿಂದ ಯಾರೂ ಆಡಿಸಿದ್ದಲ್ಲ, ನಾನೇ ಆಡಿದ್ದು. ಅವರು ಮೆತ್ತಗೆ, “ನಾನೂ ಅದರಾಗ ಬೀಳಬೇಕಾಗಿತ್ತು” ಎಂದರು. ಈ ಮನುಷ್ಯ ನನ್ನ ಕೈತಪ್ಪಿ ಹೋಗುತ್ತಾನೆ ಎಂದು ಆಗ ಹೆದರಿದೆ.

ಮರುದಿನವೇ ಹುಕ್ಕೇರಿಯ ಬಸ್ಸು ಹತ್ತಿಸಿಕೊಂಡು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಮನಸ್ಸಿನ ತೊಂದರೆ ಇದ್ದವರ ಜೊತೆ ಮಾತಾಡುವ ಒಬ್ಬ ಮೇಡಂ ಇದ್ದರು. ಮೊನ್ನೆ ಕಾಲೇಜು ಬಿಟ್ಟಂತಿದ್ದ ಹುಡುಗಿ. ಇದಕ್ಕೇನು ತಿಳಿದೀತು ಎಂದುಕೊಂಡೆ. ಆದರೆ ಆ ಹುಡುಗಿ ‘ಹೆಂಗಾತು’ ಎಂದು ಕೇಳಲಿಲ್ಲ! ಊಟ ಸೇರುತ್ತದೆಯೇ, ಯಾವ ಸಪ್ಪಳಕ್ಕೆ ಬೆಚ್ಚುತ್ತೀರಿ ಎಂದು ಕೇಳಿದರು. “ಇದು ಹುಚ್ಚಲ್ರಿ. ಅವತ್ತು ಆಗಿದ್ದು ಇನ್ನೂ ಆಗಾಕತ್ತೈತಿ ಅಂತ ಮೈ ತಿಳ್ಕೊಂಡೈತಿ. ಹೇಳಬೇಕು ಅನಿಸಿದಾಗ ಹೇಳ್ರಿ, ಬ್ಯಾಡ ಅನಿಸಿದಲ್ಲಿ ನಿಲ್ಲಸ್ರಿ. ಅದು ನಿಮ್ಮ ಕೈಯಾಗೇ ಇರಲಿ” ಎಂದರು. ವಾಸನೆ ಬಂದಾಗ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಬೇಕಂತೆ.

ಇವರು ಅಂಗಳದಲ್ಲಿ ನಿಂತು, “ಹಗ್ಗ, ಬಕೀಟು, ಆಡು, ಸೈಕಲ್, ನನ್ನ ಹೆಂಡ್ತಿ” ಎನ್ನುತ್ತಿದ್ದರು. “ಆಡಾದ ಮ್ಯಾಲ ನನ್ನ ಪಾಳಿ ಏನ್ರಿ?” ಎಂದು ಕಾಡಿದೆ. ಇವರ ತುಟಿ ನಗಲೆಂಬಂತೆ ಸ್ವಲ್ಪ ಅಲುಗಿತು.

ವಾರಕ್ಕೊಮ್ಮೆ ಹೋಗುತ್ತಿದ್ದೆವು. ಒಮ್ಮೆ ಮೇಡಂ ನನ್ನನ್ನು ಕೇಳಿದರು: “ಮನಿಗೆ ಇನ್ನೂ ಮಂದಿ ಬರ್ತಾರೇನ್ರಿ, ಕೇಳಾಕ?” ಆ ದಿನವೇ ಮನೆಗೆ ಬಂದು ಬಾಗಿಲಲ್ಲಿ ನಿಂತೆ. “ಹೆಂಗಾತು ಅನ್ನಾವ್ರು ಹೊರಗಿಂದ ಹೊರಗೇ ಹೋಗ್ರಿ, ಸಿನಿಮಾ ಮುಗದೈತಿ” ಎಂದೆ. ಕಾಕಾ ಬಾಳೆಹಣ್ಣು ವಾಪಸ್ಸು ಒಯ್ದ. ನಾನು ಬಾಯಿಬಡಕಿ ಎಂದು ಊರೆಲ್ಲ ಹೇಳಿದ. ಹೇಳಿಕೊಳ್ಳಲಿ.

ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದ್ದದ್ದು ಬಾರದೇ ಇದ್ದವಳ ಮೇಲೆ. ಸತ್ತ ಗೆಳೆಯನ ಹೆಂಡತಿ ನಾಲ್ಕು ತಿಂಗಳಾದರೂ ನಮ್ಮ ಹೊಸ್ತಿಲು ತುಳಿದಿರಲಿಲ್ಲ, ಒಂದು ಮಾತು ಹೇಳಿ ಕಳಿಸಿರಲಿಲ್ಲ. ಅವನನ್ನು ಮಣ್ಣು ಮಾಡಿದ ದಿನ ನಾನು ಹೋಗಿದ್ದಾಗ ಹೆಂಗಸರ ಗುಂಪಿನಲ್ಲಿ ಆಕೆಯ ಮುಖ ಸಹ ಕಂಡಿರಲಿಲ್ಲ. “ನಾನೇ ಕೊಂದೆ ಅಂತ ಅಂದ್ಕೊಂಡಾಳ” ಎಂದು ಇವರು ಹೇಳುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಇವರು ಚೇತರಿಸಿಕೊಂಡು ಎರಡು ಹೆಜ್ಜೆ ಇಟ್ಟರೆ ಆ ಒಂದು ಮಾತು ನಾಲ್ಕು ಹೆಜ್ಜೆ ಹಿಂದಕ್ಕೆ ಎಳೆಯುತ್ತಿತ್ತು.

ಒಂದು ಬೆಳಗ್ಗೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. “ಅಣ್ಣಾರು ಅದಾರೇನ್ರಿ? ಅವತ್ತು ಹೆಂಗಾತು ಅಂತ ಕೇಳಬೇಕಾಗಿತ್ತು.”

“ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಮಂದಿ ಸಾವು ಅಂದ್ರ ಕತಿ ಅನ್ಕೊಂಡೀರೇನು?” ಎಂದು ಬಾಗಿಲು ದಡ್ ಎನಿಸಿದೆ.

ಹೊರಗಿನಿಂದ ಮೆಲ್ಲಗೆ ದನಿ ಬಂತು: “ಸತ್ತಾವ್ರು ನಮ್ಮ ಮನಿಯವರ್ರಿ. ಇದ್ದತ್ ನಿನ್ನೆ ಮುಗೀತು. ಅಲ್ಲೀತನ ಹೊರಗ ಬರಾಕ ಬರ್ತಿರಲಿಲ್ಲ.”

ಗಂಡ ತೀರಿಕೊಂಡ ಮೇಲೆ ಅವರಲ್ಲಿ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಹುಟ್ಟಿದಾಗಿನಿಂದ ಮುಸಲ್ಮಾನರ ನೆರೆಯಲ್ಲೇ ಬಾಳಿದವಳು ನಾನು, ಇಷ್ಟು ನೆನಪಾಗಲಿಲ್ಲವಲ್ಲ! ಮುಗಿದ ಮರುದಿನವೇ ಗೋಕಾಕದಲ್ಲಿ ಬಸ್ಸು ಬದಲಿಸಿ ಬಂದವಳ ಮುಖಕ್ಕೆ ಬಾಗಿಲು ಹಾಕಿದ್ದೆ. ನಾನು ಚಿಲಕಕ್ಕೆ ಕೈ ಹಾಕುವ ಮೊದಲೇ ನನ್ನ ಗಂಡ ಬಂದು ತೆಗೆದರು.

ಆಕೆ ಕೂತು ಹೇಳಿದಳು: “ನನ್ನನ್ನೂ ಎಲ್ಲಾರೂ ಹೆಂಗಾತು ಅಂತ ಕೇಳ್ಯಾರ್ರಿ. ನೋಡದಾಕಿ ನಾ ಏನ್ ಹೇಳ್ಲಿ? ಒಬ್ಬೊಬ್ಬರು ಒಂದೊಂದು ಹೇಳ್ತಾರ. ನೀವರ ಖರೇ ಹೇಳ್ರಿ.”

ಇವರು ಪಾದಗಳನ್ನು ನೆಲಕ್ಕೆ ಒತ್ತಿದರು. ಹೇಳತೊಡಗಿದರು. “ಎಳಕೊಂಡೆ” ಎನ್ನುವಲ್ಲಿ ಈ ಸಲ ನಿಲ್ಲಲಿಲ್ಲ. “ನೀರು ಕೇಳಿದ ತಂಗಿ. ಮೂರು ಸರ್ತಿ ಕೇಳಿದ. ಸುಟ್ಟಾವ್ರಿಗೆ ನೀರು ಕೊಟ್ರ ಜೀವ ಹೋಗ್ತೈತಿ ಅಂತ ಎಲ್ಲಾರೂ ಅಂದ್ರು. ತಂಬಿಗಿ ನನ್ನ ಕೈಯಾಗೇ ಇತ್ತು. ಕೊಡಲಿಲ್ಲ ನಾ.”

ನಮ್ಮ ಕಡೆ ಎಲ್ಲರೂ ನಂಬುವುದು ಅದನ್ನೇ. ನಾನಿದ್ದರೂ ಕೊಡುತ್ತಿರಲಿಲ್ಲ. ನಿಮ್ಮ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಊರೆಲ್ಲ ಅದನ್ನೇ ಹೇಳಿತ್ತು, ಏನು ತಪ್ಪು ಎಂದು ಗೊತ್ತಿಲ್ಲದೆಯೇ.

ಆಕೆ ನನಗಿಂತ ಮೊದಲೇ ಮಾತಾಡಿದಳು. ದನಿಯಲ್ಲಿ ಸಿಟ್ಟಿತ್ತು. “ಕೊಡಬೇಕಾಗಿತ್ರಿ ನೀವು. ಹೆಂಗೂ ಹೋಗಾವ್ರ ಇದ್ರು. ಬಾಯಿ ಒಣಗಿಸ್ಕೊಂಡು ಹೋದ್ರಲ್ರಿ.”

“ಹೌದವಾ. ಕೊಡಬೇಕಾಗಿತ್ತು” ಎಂದು ಇವರು ದನಿ ತೆಗೆದು ಅತ್ತರು. ಆಕೆಯೂ ಅತ್ತಳು.

ಹೊರಡುವಾಗ ಆಕೆ ಮುಖ ಒರೆಸಿಕೊಂಡು, “ಇನ್ನೂ ಭಾಳ ಕೇಳೂದೈತ್ರಿ. ಬರೂ ವಾರ ಬರ್ಲೇನು?” ಎಂದಳು.

“ಬಾರವಾ” ಎಂದರು ಇವರು. ಅಷ್ಟು ತಿಂಗಳಲ್ಲಿ ಅವರು ಯಾರನ್ನಾದರೂ ನಮ್ಮ ಮನೆಗೆ ಬಾ ಎಂದು ಕರೆದದ್ದು ಅದೇ ಮೊದಲು.