ನಾರಿನ ಬಟ್ಟೆಗೆ ಒಗ್ಗರಣೆ

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹನ್ನೆರಡು ರೊಟ್ಟಿ ಬಡಿದೆ. ಅತ್ತೆಗೆ ಸ್ನಾನಕ್ಕೆ ನೀರು ಕಾಸಿಕೊಟ್ಟೆ, ಯಜಮಾನರನ್ನು ಮೆಣಸಿನಕಾಯಿ ಪೇಟೆಗೆ ಕಳಿಸಿದೆ, ಜೋಳ ಹಸನು ಮಾಡಿದೆ. ಇಷ್ಟರ ನಡುವೆ ಏಳೆಂಟು ಸಲ ಹಿತ್ತಲಿಗೆ ಹೋಗಿ ತಂತಿಯ ಮೇಲಿನ ಬಟ್ಟೆ ನೋಡಿ ಬಂದೆ. ನೋಡಿದಷ್ಟು ಸಲವೂ ಅದನ್ನು ಮಗುಚಿ ಹಾಕಿದೆ.

ಬಟ್ಟೆ ನನ್ನದಲ್ಲ. ರಾಣೆಬೆನ್ನೂರಿನಲ್ಲಿ ಕಾಲೇಜಿನ ಮೇಡಂ ಆಗಿರುವ ನನ್ನ ತಂಗಿಯ ಮನೆಗೆ ಜಪಾನಿನ ಕಲಾವಿದೆಯೊಬ್ಬರು ಬಂದಿದ್ದರು. ಎಲೆ, ತೊಗಟೆ, ಉಳ್ಳಾಗಡ್ಡಿ ಸಿಪ್ಪೆಯಿಂದ ಬಣ್ಣ ತೆಗೆದು, ಉದ್ದುದ್ದ ಬಟ್ಟೆಗಳನ್ನು ಅದ್ದಿ, ಗಾಳಿಗೆ ಅಲುಗಾಡುವಂತೆ ತೂಗುಹಾಕುವುದು ಅವರ ಕಲೆ. ಅಲ್ಲಿ ಊಟಕ್ಕೆ ಕೂತಾಗ ನಾನು ಸುಮ್ಮನಿರಬೇಕಿತ್ತು. ‘ನಮ್ಮ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ರ ಹೆಂಗ ಕೆಂಪಗಾಗ್ತದ ನೋಡ್ರಿ’ ಎಂದುಬಿಟ್ಟೆ. ಅವರು ನಂಬಿದರು. ಗಿಡದ ನಾರನ್ನು ಕೈಯಿಂದಲೇ ಎಳೆಗೆ ಎಳೆ ಸೇರಿಸಿ, ಇಡೀ ಒಂದು ಚಳಿಗಾಲ ಕೂತು ನೇಯ್ದ ಎರಡು ಮೊಳ ಬಟ್ಟೆಯನ್ನು ನನ್ನ ಕೈಗಿಟ್ಟರು. ಇಂದು ಮಧ್ಯಾಹ್ನ ಒಯ್ಯಲು ಬರುವವರಿದ್ದರು.

ನಿನ್ನೆ ಮೆಣಸಿನಕಾಯಿ ಕುದಿಸಿ ಅದ್ದಿದ್ದೆ. ಎರಡು ಸಲ ಜಾಲಿಸಿದ್ದೇ ತಡ, ಕೆಂಪೆಲ್ಲ ಬಚ್ಚಲಿಗೆ ಹೋಗಿ ಬಟ್ಟೆ ತೊಳೆದ ಅಕ್ಕಿಯ ಬಣ್ಣಕ್ಕೆ ಬಂತು. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

‘ಬಣ್ಣ ಬಿಡೂದು ನೀರಾಗಲ್ಲ, ಎಣ್ಯಾಗ. ಒಗ್ಗರಣಿ ಹಾಕಿದ್ರ ಸಾರಿನ ಮ್ಯಾಲೆ ಕೆಂಪು ತೇಲಂಗಿಲ್ಲೇನು?’

‘ಅತ್ತೀ, ಇದು ಅರಿವಿರಿ, ಸಾರಲ್ಲ.’

‘ಅರಿವಿಗೇನು ಬ್ಯಾರೆ ದೇವ್ರು ಅದಾನೇನು? ಎಣ್ಣಿ ಕಾಸು.’

ಕಾಸಿದೆ. ಪುಡಿ ಹಾಕಿದೆ. ಆರಿಸಿ, ಸೋಸಿ, ಬಟ್ಟೆಯ ಮೇಲೆ ಸುರಿದೆ. ಕೆಂಪು ಬಂತು, ಖರೇ. ಆದರೆ ಅಲ್ಲಲ್ಲಿ ಕುಳಿತು, ಇಡೀ ಬಟ್ಟೆ ಭಜಿ ಕಟ್ಟಿದ ಕಾಗದದಂತಾಯಿತು. ರಾತ್ರಿ ಹಾಗೆಯೇ ತಂತಿಗೆ ಹಾಕಿದ್ದೆ.

ಮೂರು ಗಂಟೆಗೆ ತಂಗಿ, ಕಲಾವಿದೆ ಇಬ್ಬರೂ ಬಂದರು. ತಂಗಿ ಹಿತ್ತಲಲ್ಲೇ ಎರಡು ಸಲ ಸೀನಿದಳು.

‘ಅಕ್ಕಾ, ಇದನ್ನ ಉಟ್ಕೋಬೇಕೋ, ರೊಟ್ಟಿಗೆ ಹಚ್ಕೊಂಡು ತಿನ್ಬೇಕೋ?’

ಕಲಾವಿದೆ ನಗಲಿಲ್ಲ. ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದು ಎಳೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಒಳಗೂ ಹೊರಗೂ ಓಡಾಡಿದೆ, ಕೇಳದಿದ್ದರೂ ಮತ್ತೊಮ್ಮೆ ಚಹಾ ಕೊಟ್ಟೆ. ಕೊನೆಗೆ ಅಂಟುವಾಳದ ಕಾಯಿ ನೆನೆಸಿ ತಂದು ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಇಬ್ಬರೂ ನೊರೆ ಮಾಡಿ ಹಿಂಡದೆ ಒತ್ತಿದೆವು. ಮೂರು ನೀರಿಗೆ ಎಣ್ಣೆ ಬಿಟ್ಟಿತು. ಅಂಚಿನಲ್ಲಿ ಅಂಗೈಯಗಲದ ಕೆಂಪು ಉಳಿಯಿತು. ನಾಲ್ಕನೆಯ ನೀರಿಗೆ ಕೈ ಹಾಕಿದಾಗ ಅವರು ನನ್ನ ಮಣಿಕಟ್ಟು ಹಿಡಿದು ಏನೋ ಅಂದರು.

‘ಸಾಕಂತ. ಬಿಸಲಿಗೆ ಅದೂ ಹೋಗ್ತದಂತ. ಹೋಗೂತನಕ ಇರ್ಲಿ ಅಂತಾರ,’ ಎಂದಳು ತಂಗಿ.

ಹಸಿ ಬಟ್ಟೆಯನ್ನೇ ಸುರುಳಿ ಸುತ್ತಿಕೊಂಡು ಐದರ ಬಸ್ಸಿಗೆ ಹೋದರು. ಬಾಗಿಲಲ್ಲಿ ನನಗೆ ಬಗ್ಗಿ ಕೈಮುಗಿದರು. ಕ್ಷಮಿಸಿದ್ದೋ, ಅವರ ಪದ್ಧತಿಯೋ, ನನಗೆ ಈಗಲೂ ಗೊತ್ತಾಗಿಲ್ಲ.

ಸಂಜೆ ಬೆಳಗಿನ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಯಜಮಾನರು ಎರಡು ರೊಟ್ಟಿ ತಿಂದರು, ನಾನು ಅರ್ಧ. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅತ್ತೆ.