ಸಂಪಾಜೆಯಲ್ಲಿ ಬಿಚ್ಚಿದ ಚಪ್ಪಲಿ

ಮೊನ್ನೆ ಮಗಳು ಕಾರು ಓಡಿಸುತ್ತಿದ್ದಳು; ಹಿಂದಿನ ಸೀಟಿನಲ್ಲಿ ನಾನು ಮತ್ತು ಅಮ್ಮ. ಸಂಪಾಜೆ ದಾಟಿ ಘಾಟಿ ಹತ್ತುವಾಗ ಮುಂದಿನ ಹಳೆಯ ಜೀಪಿನಿಂದ ಹಸಿ ಪೆಟ್ರೋಲಿನ ವಾಸನೆ ಬಂತು. ನನಗೆ ಅಪ್ಪನ ಹಳೆಯ ಕಾರು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಮಡಿಕೇರಿಗೆ ಹೊರಟರೆ ಅಪ್ಪ ಸಂಪಾಜೆಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡುತ್ತಿದ್ದರು. "ಮೇಲೆ ಗಾಳಿ ತೆಳು. ಪೆಟ್ರೋಲ್ ಕಮ್ಮಿ ಮಾಡದಿದ್ರೆ ಇದಕ್ಕೆ ಉಸಿರು ಕಟ್ಟುದು." ಇಳಿದು ಬಂದ ಮೇಲೆ ಮತ್ತೆ ಅರ್ಧ ಸುತ್ತು ಸಡಿಲ. ಹತ್ತುವ ಮೊದಲು ಅಮ್ಮ ಚಪ್ಪಲಿ ಬಿಚ್ಚಿ, ಕಾರು ಹಿಂದೆ ಜಾರಿದರೆ ಚಕ್ರಕ್ಕೆ ಕೊಡುವ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿನ ಪಕ್ಕ ಕೂರುತ್ತಿದ್ದಳು. ನನಗದು ತಮಾಷೆ.

ಒಂದು ಸಲ ಯಾರೋ ಪರಿಚಯದವರ ಜೊತೆ ಮಾತಾಡುತ್ತಾ ಅಪ್ಪ ಸ್ಕ್ರೂವನ್ನು ಉಲ್ಟಾ ತಿರುಗಿಸಿಬಿಟ್ಟರು. ಘಾಟಿಯ ತಿರುವೊಂದರಲ್ಲಿ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಕಾರಿತು, ನಿಂತೇಹೋಯಿತು. ಅಪ್ಪ ಬ್ರೇಕ್ ಒತ್ತಿ ಹಿಡಿದರೂ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿನ ಗಾಜಿನಲ್ಲಿ ನನಗೆ ರಸ್ತೆ ಕಾಣಲಿಲ್ಲ, ಮರಗಳ ತುದಿ ಮಾತ್ರ ಕಂಡಿತು.

"ಕಲ್ಲು ಕೊಡು, ಕಲ್ಲು!" ಎಂದು ಅಪ್ಪ ಕಿರುಚುವ ಮೊದಲೇ ಅಮ್ಮ ಬರಿಗಾಲಲ್ಲಿ ಹಾರಿಯಾಗಿತ್ತು. ಚಕ್ರ ಕಲ್ಲನ್ನು ಕರಕರ ಒತ್ತಿ ನಿಂತಾಗ ಅವಳ ಬೆರಳಿಗೂ ಅದಕ್ಕೂ ಒಂದು ಗೇಣೂ ಇರಲಿಲ್ಲ.

ಅಪ್ಪನ ಕೈಯಿಂದ ಸ್ಕ್ರೂಡ್ರೈವರ್ ಎರಡು ಸಲ ಕೆಳಗೆ ಬಿತ್ತು. "ಎಂತ ಮಾಡಿದ್ದು ನೀವು?" ಅಮ್ಮ ಕೇಳಿದ್ದು ಅಷ್ಟೇ.

ಮಗಳ ಕಾರಿನಲ್ಲಿ ತಿರುಗಿಸುವ ಸ್ಕ್ರೂ ಇಲ್ಲ. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎಂದು ಅದೇ ನೋಡಿಕೊಳ್ಳುತ್ತದೆ. ಅಮ್ಮನಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡು ಪಕ್ಕಕ್ಕೆ ನೋಡಿದೆ.

ಚಪ್ಪಲಿ ಬಿಚ್ಚಿ, ಬಾಗಿಲಿನ ಹಿಡಿಕೆ ಹಿಡಿದು ಕೂತಿದ್ದಳು.