ಪಂಜು ಯಾರ ಮಡಿಲಿನವನು?

ಆಫೀಸಿನಿಂದ ಬಂದು ಬಾಗಿಲು ತೆಗೆದೆ. ಪಂಜು ಓಡಿ ಬರಲಿಲ್ಲ.

ಸೋಫಾದ ಮೇಲೆ ಸರೋಜಕ್ಕನ ಮಡಿಲಲ್ಲಿ ಮಲಗಿದ್ದವನು ತಲೆ ಎತ್ತಿ ನನ್ನನ್ನು ನೋಡಿದ, ಮರ್ಯಾದೆಗೆ ಅನ್ನುವಂತೆ ಬಾಲ ಆಡಿಸಿದ, ಮತ್ತೆ ಮಲಗಿದ. ನಾನು ಬ್ಯಾಗ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ...

ಪಂಜು ನಮ್ಮ ಶಿಟ್ಜು ನಾಯಿ. ಕನ್ನಡದ ಪಂಜಲ್ಲ, ತಮಿಳಿನ ಪಂಜು, ಅಂದರೆ ಹತ್ತಿ. ಮರಿಯಾಗಿದ್ದಾಗ ಹಾಗೇ ಇದ್ದ, ಕೈಯಲ್ಲಿ ಹಿಡಿದರೆ ಹತ್ತಿಯ ಉಂಡೆ.

ಈ ಜಾತಿಯ ನಾಯಿ ಮನೆ ಕಾಯುವುದಿಲ್ಲ. ಕೊರಿಯರ್‌ನವರು ಬಂದರೂ ಬಾಲ ಆಡಿಸುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಮಡಿಲು, ಅಷ್ಟೇ. ಆದರೆ ಸಾಕುವುದು ಸುಲಭವಲ್ಲ.

ಕೂದಲು ದಿನಾ ಬಾಚಬೇಕು, ಬಿಟ್ಟರೆ ಗಂಟು ಕಟ್ಟುತ್ತದೆ. ಕಣ್ಣಿಗೆ ಚುಚ್ಚದಂತೆ ಹಣೆಯ ಕೂದಲಿಗೆ ಜುಟ್ಟು ಹಾಕಬೇಕು. ಚಪ್ಪಟೆ ಮೂಗು, ಹಾಗಾಗಿ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಕೊಯಮತ್ತೂರಿನ ಏಪ್ರಿಲ್‌ನಲ್ಲಿ ಇವನಿಗಾಗಿಯೇ ಎಸಿ ಓಡುತ್ತದೆ. ಇದೆಲ್ಲ ಮಾಡುವವಳು ನಾನು.

ಸರೋಜಕ್ಕ ನನ್ನ ಗಂಡನ ಅಕ್ಕ. ನೆಗಮಂ ಅನ್ನುವ ಊರಿನಲ್ಲಿ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಭುಜ ಹಿಡಿದುಕೊಂಡು ಕೈ ಎತ್ತಲು ಆಗದಂತಾಯಿತು. ಮಗ್ಗ ಮುಟ್ಟಬೇಡಿ ಅಂದರು ಡಾಕ್ಟರ್. ಫಿಸಿಯೋಥೆರಪಿಗೆಂದು ಕೊಯಮತ್ತೂರಿನ ಪೀಳಮೇಡಿನಲ್ಲಿರುವ ನಮ್ಮ ಮನೆಗೆ ಬಂದರು.

ಬಂದ ದಿನ ಪಂಜುವನ್ನು ನೋಡಿ, "ಇದು ನಾಯಾ, ನೆಲ ಒರ್ಸೋ ಮಾಪಾ?" ಅಂದಿದ್ದರು.

ಒಂದು ವಾರ ಕಳೆಯುವಷ್ಟರಲ್ಲಿ ಆ ಮಾಪು ಅವರ ಮಡಿಲು ಬಿಟ್ಟು ಇಳಿಯುತ್ತಿರಲಿಲ್ಲ. ರಾತ್ರಿ ನಮ್ಮ ಮಂಚದ ಕೆಳಗೆ ಮಲಗುತ್ತಿದ್ದವನು ಅವರ ಚಾಪೆಗೆ ಹೋದ. ನಾನು ಬಾಚಣಿಗೆ ತೆಗೆದರೆ ಅವರ ಸೀರೆಯ ಹಿಂದೆ ಅಡಗುತ್ತಿದ್ದ.

ಅವರು ಏನೂ ಮಾಡುತ್ತಿರಲಿಲ್ಲ, ಅದೇ ನನಗೆ ಉರಿ. ಬಾಚುವುದಿಲ್ಲ, ಸ್ನಾನ ಮಾಡಿಸುವುದಿಲ್ಲ, ಉಗುರು ಕತ್ತರಿಸುವುದಿಲ್ಲ. ಸುಮ್ಮನೆ ಕೂತಿರುತ್ತಾರೆ. ನಾನು ಇವನ ನರ್ಸು, ಅಕ್ಕ ಇವನ ಅಮ್ಮ ಅಂತ ಗಂಡನ ಹತ್ತಿರ ಅಂದೆ. ಗಂಡ ನಕ್ಕರು. ಆ ನಗುವಿಗೂ ನನಗೆ ಸಿಟ್ಟು ಬಂತು.

ಅಕ್ಕ ಮನೆಯಲ್ಲಿ ಆಡುವುದು ಕನ್ನಡವೇ. ಆದರೆ ಓದಲು ಬರುವುದು ತಮಿಳು ಮಾತ್ರ. ಆ ಧೈರ್ಯದಲ್ಲೇ ಇದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ಆಫೀಸಿಗೆ ಅವರ ಫೋನ್. ನನ್ನನ್ನು ಅವರು ಪ್ರೀತಿಯಿಂದ 'ಕಣ್ಣು' ಅಂತ ಕರೆಯುವುದು. "ಕಣ್ಣು, ಬೇಗ ಬಾ. ಪಂಜು ಎಡಗಣ್ಣು ತೆರೀತಾನೇ ಇಲ್ಲೆ. ಪಾವಂ, ನೀರು ಸುರೀತಿದೆ."

ಆಟೋ ಹಿಡಿದು ಓಡಿದೆ. ಇವುಗಳ ಕಣ್ಣು ಮುಂದಕ್ಕೆ ಉಬ್ಬಿರುತ್ತದೆ, ಸಣ್ಣ ಗೀರು ಬಿದ್ದರೂ ಹುಣ್ಣಾಗುತ್ತದೆ. ನಾಯಿ ಡಾಕ್ಟರ್ ಲೈಟ್ ಬಿಟ್ಟು ನೋಡಿ, "ಬಯಪ್ಪಡಾದೀಂಗ" ಅಂದರು. ಹೆದರಬೇಡಿ ಅಂದವರೇ, ಡ್ರಾಪ್ಸ್ ತಪ್ಪಿದರೆ ಕಣ್ಣು ಹೋಗಬಹುದು ಅಂತಲೂ ಹೇಳಿದರು. ಕೆರೆದುಕೊಳ್ಳದಂತೆ ಕತ್ತಿಗೆ ಪ್ಲಾಸ್ಟಿಕ್ ಕೋನ್ ಹಾಕಿ ಕಳಿಸಿದರು.

ವರ್ಕ್ ಫ್ರಮ್ ಹೋಮ್ ತೆಗೆದುಕೊಂಡೆ. ಎರಡೆರಡು ಗಂಟೆಗೆ ಡ್ರಾಪ್ಸ್. ಅಕ್ಕ ಹಿಡಿದುಕೊಳ್ಳುವುದು, ನಾನು ಹಾಕುವುದು. ಔಷಧ ಉರಿಯುತ್ತಿತ್ತೋ ಏನೋ, ಬಾಟಲಿ ಕಂಡರೆ ಸಾಕು, ನಡುಗುತ್ತಿದ್ದ.

ಮಾರನೇ ದಿನ ಬಾಟಲಿ ಇಲ್ಲದೆ ಬರಿಗೈಯಲ್ಲಿ ಹತ್ತಿರ ಹೋದೆ. ಆಗಲೂ ನಡುಗಿದ. ಕೋನ್ ಸಮೇತ ಮುಖವನ್ನು ಅಕ್ಕನ ಹೊಟ್ಟೆಗೆ ಒತ್ತಿಕೊಂಡ.

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಕ್ಕ ಹಿಂದೆಯೇ ಬಂದು, "ಬೇಜಾರ್ ಮಾಡ್ಕೋಬೇಡ ಕಣ್ಣು, ಅವ್ನು ನಿನ್ ನಾಯಿನೇ" ಅಂದರು.

ನನ್ನ ನಾಯಿಯನ್ನು ನನಗೇ ದಾನ ಕೊಟ್ಟ ಹಾಗಿತ್ತು. ಇವರು ಯಾವಾಗ ಊರಿಗೆ ಹೋಗುತ್ತಾರೋ ಅಂತ ಮನಸ್ಸಿನಲ್ಲಿ ಅಂದುಕೊಂಡೆ.

ಸಂಜೆ ಡ್ರಾಪ್ಸ್ ಹೊತ್ತಾಯಿತು. ಅಕ್ಕ ಪಂಜುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು. ಬಾಟಲಿ ನನ್ನ ಕೈಯಿಂದ ತೆಗೆದುಕೊಂಡರು.

"ನೀ ಹಿಡ್ಕೋ. ಇನ್ಮೇಲೆ ಮರುಂದು ನಾ ಹಾಕ್ತೀನಿ."

"ನಿಮ್ಮ ಭುಜ, ಅಕ್ಕ" ಅಂದರೂ ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು, ಬಲಗೈಯನ್ನು ಎಡಗೈಯಲ್ಲಿ ಆನಿಸಿ ಎತ್ತಿ, ಅವನ ಕಣ್ಣಿಗೆ ಹನಿ ಬಿಟ್ಟರು. ಅವನು ಕಿರುಚಿ ನನ್ನ ತೋಳಿನ ಸಂದಿಯಲ್ಲಿ ಮುಖ ಹುದುಗಿಸಿದ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ಅವನದೋ ನನ್ನದೋ ಗೊತ್ತಿಲ್ಲ.

ಪ್ರತಿ ಸಲವೂ ಅವರೇ ಹಾಕಿದರು. ಎರಡು ದಿನ ಕಳೆಯುವುದರೊಳಗೆ ಪಂಜು ಅವರ ಸೋಫಾದ ಕಡೆ ಹೋಗುವುದನ್ನು ಬಿಟ್ಟ. ಅವರು ಎದ್ದು ನಿಂತರೆ ಸಾಕು, ಮಂಚದ ಕೆಳಗೆ ಸೇರುತ್ತಿದ್ದ. ರಾತ್ರಿ ಅವರ ಚಾಪೆ ಖಾಲಿ.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು.

ಕಣ್ಣು ವಾಸಿಯಾಯಿತು, ಕೋನ್ ತೆಗೆದಾಯಿತು. ಅಕ್ಕನ ಭುಜವೂ ಸ್ವಲ್ಪ ಸಡಿಲವಾಗಿ ಅವರು ಹೊರಟರು. ಬಾಗಿಲಲ್ಲಿ ಬಗ್ಗಿ, "ಪಂಜು, ವಾ ಡಾ ಚೆಲ್ಲಂ" ಅಂತ ಮುದ್ದಿನಿಂದ ಕರೆದು ಕೈ ಚಾಚಿದರು. ಅವನು ನನ್ನ ಕಾಲಿನ ಹಿಂದೆ ಸರಿದ.

"ಇರ್ಲಿ ಬಿಡು," ಅಂದರು ಅಕ್ಕ. ನಕ್ಕರು. ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾರಿನಲ್ಲಿ ಕೂತರು. ಕಾರು ತಿರುಗುವವರೆಗೂ ನಮ್ಮ ಕಡೆ ನೋಡಲೇ ಇಲ್ಲ.

ಈಗ ಇದನ್ನು ಬರೆಯುವಾಗ ಪಂಜು ನನ್ನ ಕಾಲ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ನನ್ನ ಹೊಟ್ಟೆಕಿಚ್ಚು ಮಾತ್ರ ಆರಿಲ್ಲ, ಅಕ್ಕನ ಮೇಲೆ ಮೊದಲಿಗಿಂತ ಜಾಸ್ತಿಯಾಗಿದೆ...

ಅಷ್ಟು ಇಷ್ಟಪಟ್ಟ ಒಂದು ಜೀವ ನಿಮ್ಮನ್ನು ಕಂಡರೆ ಹೆದರುವ ಹಾಗೆ, ಗೊತ್ತಿದ್ದೂ, ಇನ್ನೊಬ್ಬರಿಗೋಸ್ಕರ ನಡೆದುಕೊಳ್ಳಲು ನಿಮ್ಮಿಂದ ಆಗುತ್ತಿತ್ತಾ?